ಮುಡಿಪಿನೊಳಗಿನ ಆಕಾಶಯಾನಿ

ನಾಗಪ್ಪ, ರಘುವಿನ ನಾಣ್ಯ ಕದ್ದವಳು ನಾನು. ಅಪವಾದ ಹೊತ್ತವನು ನೀನು.

ಜೋಗದ ಕಾಲೊನಿಯಲ್ಲಿದ್ದ ನಮ್ಮ ಪುಟ್ಟ ಮನೆ ನೆನಪಿದೆಯೇ? ನೀನೂ ನನ್ನ ಮೈದುನ ರಘುವೂ ಪವರ್ ಹೌಸಿನಲ್ಲಿ ಒಂದೇ ಪಾಳಿಯವರು. ಭಾನುವಾರ ಬಂತೆಂದರೆ ನಿನಗೆ ನಮ್ಮಲ್ಲೇ ಊಟ. ಯಂತ್ರ ನೋಡಲು ಬಂದಿದ್ದ ಪರದೇಶದ ಎಂಜಿನಿಯರೊಬ್ಬ ರಘುವಿಗೆ ಆ ನಾಣ್ಯ ಕೊಟ್ಟಾಗ ಅವನಿಗಿಂತ ಹೆಚ್ಚು ಕುಣಿದವನು ನೀನು! ಮೊದಲ ಸಲ ಭೂಮಿ ಬಿಟ್ಟು ಮೇಲೆ ಹೋಗಿಬಂದ ಮನುಷ್ಯನ ನೆನಪಿಗೆ ಹೊಯ್ದದ್ದಂತೆ. ಒಂದು ಬದಿಗೆ ಗುಂಡು ಟೊಪ್ಪಿಯೊಳಗೆ ನಗುಮುಖ, ಇನ್ನೊಂದು ಬದಿಗೆ ರಾಕೆಟ್ಟು. ಅದನ್ನು ನೋಡುತ್ತ ನೀವಿಬ್ಬರೂ ಕಾಫಿ ಆರಿಸಿಕೊಳ್ಳುತ್ತಿದ್ದಿರಿ, ನಾನು ಬೈಯುತ್ತಿದ್ದೆ — ಎಷ್ಟು ಸುಖದ ದಿನಗಳು ಅವು.

ಆ ಮಳೆಗಾಲ ನನ್ನ ಮಗಳು ಸರೋಜಳಿಗೆ ಜ್ವರ ಬಂತು. ಇಳಿಯಲೇ ಇಲ್ಲ. ತಿರುಪತಿಗೆ ಮುಡಿಪು ಕಟ್ಟು ಎಂದರು ನಮ್ಮತ್ತೆ. ಕೈಗೆ ಸಿಕ್ಕ ನಾಣ್ಯಗಳೆಲ್ಲ ಕಪ್ಪಿಟ್ಟಿದ್ದವು. ದೇವರಿಗೆ ಇಂಥದ್ದನ್ನು ಕೊಡುವುದೇ ಎನಿಸಿ ರಘು ಆ ನಾಣ್ಯ ಇಡುತ್ತಿದ್ದ ಡಬ್ಬಿ ತೆಗೆದೆ. ಯಾವುದನ್ನು ತೆಗೆಯುತ್ತಿದ್ದೇನೆಂದು ತಿಳಿದಿರಲಿಲ್ಲ ಎಂದರೆ ಸುಳ್ಳಾದೀತು. ಮನೆಯಲ್ಲಿ ಎಲ್ಲಕ್ಕಿಂತ ಪ್ರೀತಿಯ ವಸ್ತು ಕೊಟ್ಟರೆ ದೇವರು ಮಗುವನ್ನು ಉಳಿಸಿಯಾನು ಎಂದುಕೊಂಡೆ — ಆದರೆ ಆ ಪ್ರೀತಿ ನನ್ನದಾಗಿರಲಿಲ್ಲವಲ್ಲ. ಅರಿಸಿನದ ಬಟ್ಟೆಯಲ್ಲಿ ಗಂಟು ಹಾಕಿ ದೇವರ ಮುಂದಿಟ್ಟೆ. ಹರಕೆ ಒಪ್ಪಿಸುವವರೆಗೆ ಮುಡಿಪಿನ ಗಂಟು ಬಿಚ್ಚಬಾರದು.

ಜ್ವರ ಇಳಿಯಿತು. ಮುಂದಿನ ಭಾನುವಾರ ರಘು ಡಬ್ಬಿ ತೆಗೆದ.

"ಈ ಡಬ್ಬಿ ಎಲ್ಲಿರುತ್ತೆ ಅಂತ ಮನೆಯೋರ್ನ ಬಿಟ್ರೆ ನಿಂಗೊಬ್ನಿಗೇ ಗೊತ್ತಿದ್ದಿದ್ದು, ನಾಗಪ್ಪ."

ನೀನು ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದೆ. "ಅತ್ತಿಗೆ, ನೀವಾದ್ರೂ ಹೇಳಿ, ನಾನು ಅಂಥೋನಾ?"

ಒಂದು ಮಾತು ಸಾಕಿತ್ತು. ಗಂಟಿನ ವಿಷಯ ಹೇಳಿದರೆ ಬಿಚ್ಚಿಸುತ್ತಾರೆ, ಬಿಚ್ಚಿದರೆ ಜ್ವರ ಮರಳುತ್ತದೆ ಎಂದು ಹೆದರಿದೆ... ಮಗು ಆಗಲೇ ಹಿತ್ತಿಲಲ್ಲಿ ಆಡುತ್ತಿತ್ತು. ನಾನು ಲೋಟಗಳನ್ನೆತ್ತಿಕೊಂಡು ಒಳಗೆ ಹೋದೆ. ನೀನು ಊಟ ಮಾಡದೆ ಎದ್ದುಹೋದೆ, ವರ್ಗ ಕೇಳಿಕೊಂಡು ಊರನ್ನೂ ಬಿಟ್ಟೆ. ಮನುಷ್ಯ ಚಂದ್ರನ ಮೇಲೆ ಇಳಿದ ಸುದ್ದಿ ರೇಡಿಯೋದಲ್ಲಿ ಬಂದಾಗ ರಘು ಅಭ್ಯಾಸಬಲದಿಂದ ನಿನ್ನ ಹೆಸರು ಕೂಗಿ ತಿರುಗಿದ. ಆಗಲೂ ನಾನು ಬಾಯಿ ಬಿಡಲಿಲ್ಲ.

ಬದುಕು ನನ್ನನ್ನು ಚೆನ್ನಾಗಿಯೇ ನೋಡಿಕೊಂಡಿದೆ. ಸರೋಜ ಈಗ ಇಬ್ಬರು ಮಕ್ಕಳ ತಾಯಿ, ಮನೆ ತುಂಬ ಗಲಾಟೆ. ಆದರೆ ಮುಡಿಪು ಮಾತ್ರ ಇನ್ನೂ ಇಲ್ಲೇ ಇದೆ. ಆಕಾಶ ಸುತ್ತಿ ಬಂದ ಪುಣ್ಯಾತ್ಮ ನಮ್ಮ ದೇವರ ಗೂಡಿನಿಂದ ಅಲ್ಲಾಡಿಲ್ಲ! ತಿರುಪತಿಗೆ ಹೊರಟವರು ಕೇಳಿದಾಗಲೆಲ್ಲ ಏನೋ ನೆಪ ಹೇಳಿದೆ. ಹುಂಡಿಗೆ ಬಿದ್ದರೆ ನೀನು ಕಳ್ಳನಲ್ಲ ಎನ್ನಲು ಸಾಕ್ಷಿಯೇ ಇರುವುದಿಲ್ಲ. ದೇವರಿಗೂ ಕೊಡಲಿಲ್ಲ, ನಿನಗೂ ಕೊಡಲಿಲ್ಲ.

ಮೊನ್ನೆ ಸರೋಜ ಬಂದು, "ಅಮ್ಮಾ, ನಾವು ತಿರುಪತಿಗೆ ಹೊರಟ್ವಿ, ನನ್ನ ಮುಡಿಪು ಕೊಡು" ಎಂದಳು. ಇನ್ನು ನೆಪ ಉಳಿದಿರಲಿಲ್ಲ. ಅವಳಿಗೂ ರಘುವಿಗೂ ಎಲ್ಲ ಹೇಳಿಬಿಟ್ಟೆ. ಗಂಟನ್ನು ನಿನ್ನ ಕೈಗೇ ಕೊಡಲು ಹೋಗುತ್ತೇನೆ ಎಂದೂ ಹೇಳಿದೆ. ರಘು, "ನಾನೂ ಬರ್ತೀನಿ, ಅತ್ತಿಗೆ" ಎಂದ.

ನಾಳಿನ ಬಸ್ಸಿಗೆ ತೀರ್ಥಹಳ್ಳಿಗೆ, ನಿನ್ನ ಮನೆಗೆ ಹೊರಟಿದ್ದೇವೆ. ಕ್ಷಮಿಸು ಎಂದು ಕೇಳುವುದಿಲ್ಲ. ದೇವರಿಗೆ ಬೇರೆ ಮುಡಿಪು ಕಟ್ಟಿಯಾಯಿತು, ನನ್ನದೇ ಬಳೆ ಇಟ್ಟು. ಹಳೆಯದು ನನ್ನ ಮಡಿಲಲ್ಲಿದೆ. ಅದರ ಗಂಟನ್ನು ರಘುವಿನೆದುರು ನೀನೇ ಬಿಚ್ಚಬೇಕು, ನಾಗಪ್ಪ.