ಐಸಾ ಆಂಟಿಗೆ ಮಾತು ಹೋಗಿದೆ ಎಂದೆ

ನಿಮಗೆ ಲಕ್ವ ಹೊಡೆದು ಮಾತು ಹೋಗಿದೆ ಎಂದು ಆ ಸ್ಕಾಟ್ಲೆಂಡಿನವರಿಗೆ ಹೇಳಿದವಳು ನಾನೇ, ಐಸಾ ಆಂಟಿ. ಚರ್ಚಿಗೆ ಹೋಗುವಾಗ ಹಾಕುವ ಗೌನು ತೊಟ್ಟು ನೀವು ಒಳಗೆ ಅವರಿಗಾಗಿಯೇ ಕಾಯುತ್ತಿದ್ದಿರಿ.

ಎಂಬತ್ತರ ದಶಕದ ಶುರು ಇರಬೇಕು — ವರ್ಷ ನೆನಪಿಲ್ಲ, ಭಯ ನೆನಪಿದೆ. ಎಂ.ಎ. ಮುಗಿಸಿ ಕುಂದಲಹಳ್ಳಿ ಕಡೆಯ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರಾಗಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ವೈಟ್‌ಫೀಲ್ಡಿನ ನಿಮ್ಮ ಹೆಂಚಿನ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಇಂಗ್ಲಿಷ್ ಓದಿ ಗೊತ್ತಿತ್ತೇ ಹೊರತು ಆಡಿ ಗೊತ್ತಿರಲಿಲ್ಲ. ಆಡಲು ಕಲಿಸಿದವರು ನೀವು. ನಿಮ್ಮ ತಾತ ಸ್ಕಾಟ್ಲೆಂಡಿನಿಂದ ತಂದ ಮಾತು ಅದು — ಮಗುವಿಗೆ ‘ಬೇರ್ನ್’, ಪುಟ್ಟದಕ್ಕೆ ‘ವೀ’. ಕನ್ನಡದೊಳಕ್ಕೂ ಅದನ್ನು ಬೆರೆಸಿ ನನ್ನನ್ನು ಕರೆಯುತ್ತಿದ್ದಿರಿ: “ಬಾ ಬೇರ್ನ್, ವೀ ಚಾ ಕುಡಿ.” ದೊರೆಗಳ ವಂಶದವರು ಆಡುವುದೇ ಅಚ್ಚ ಇಂಗ್ಲಿಷ್ ಎಂದುಕೊಂಡು ಮಕ್ಕಳಿಗೂ ಅದನ್ನೇ ಕಲಿಸಿದೆ.

ಪರೀಕ್ಷೆಯಲ್ಲಿ ಇಡೀ ತರಗತಿ ‘ಬೇರ್ನ್’ ಎಂದೇ ಬರೆಯಿತು. ಹೆಡ್‌ಮಾಸ್ಟರು ಕರೆಸಿದರು.

“ಎಂ.ಎ. ಮಾಡಿದ್ದು ಕಾಲೇಜಲ್ಲೋ, ಯಾರಾದ್ರೂ ಬಟ್ಲರ್ ಹತ್ರಾನೋ? ಇನ್ನೊಂದ್ಸಲ ಇಂಥ ಇಂಗ್ಲಿಷ್ ಕಂಡ್ರೆ ಬೇರೆ ಕೆಲಸ ನೋಡ್ಕೊಳ್ಳಿ ಮೇಡಂ.”

ಎಲ್ಲಿ ಕಲಿತೆ ಎಂದು ನಾನು ಬಾಯಿ ಬಿಡಲಿಲ್ಲ. ಅಂದಿನಿಂದ ಪಾಠ ಮಾಡುವಾಗ ನನ್ನ ಬಾಯಿಗೇ ನಾನು ಹೆದರುತ್ತಿದ್ದೆ.

ಆಮೇಲೆ ಸ್ಕಾಟ್ಲೆಂಡಿನ ಆ ಅತಿಥಿ ಬಂದರು. ನಿಮ್ಮ ವಿಷಯ ಪಾದ್ರಿಗಳಿಂದ ತಿಳಿದಿತ್ತಂತೆ; ಅವರು ಬರುತ್ತಾರೆಂದು ಪಾದ್ರಿಗಳು ನಿಮಗೂ ಹೇಳಿಕಳಿಸಿದ್ದರು. ಹೆಗಲಲ್ಲಿ ಟೇಪ್‌ರೆಕಾರ್ಡರ್, ದಾರಿ ತೋರಿಸಲು ಜೊತೆಗೆ — ನಮ್ಮ ಹೆಡ್‌ಮಾಸ್ಟರು. ಗೇಟಿನ ಬಳಿ ನಿಂತೇ ಅತಿಥಿ ಹೇಳಿದರು: ಅದು ಕೆಟ್ಟ ಇಂಗ್ಲಿಷ್ ಅಲ್ಲ, ಸ್ಕಾಟ್ಸ್ ಎಂಬ ಬೇರೆಯೇ ಭಾಷೆ. ಚಿಕ್ಕವರಿದ್ದಾಗ ಶಾಲೆಯಲ್ಲಿ ಅದನ್ನಾಡಿದ್ದಕ್ಕೆ ಚರ್ಮದ ಪಟ್ಟಿಯ ಏಟು ತಿಂದಿದ್ದರಂತೆ. ಈಗ ಅಲ್ಲಿನ ಹುಡುಗರು ಮನೆಯಲ್ಲೂ ಆಡುವುದು ಕಡಿಮೆ. ಅಲ್ಲಿ ಮರೆತದ್ದು ನಿಮ್ಮ ಬಾಯಲ್ಲಿ ಉಳಿದಿರಬಹುದು, ಅದನ್ನು ಟೇಪಿನಲ್ಲಿ ಹಿಡಿಯಬೇಕು.

ಕೇಳಿದಿರಾ ಆಂಟಿ? ನನ್ನನ್ನು ಉಳಿಸುವ ಮಾತನ್ನು ಅವರು ಅಲ್ಲೇ ಆಡಿದ್ದರು. ಹೆಡ್‌ಮಾಸ್ಟರ ಎದುರೇ. ಆದರೆ ನಾನು ನೋಡುತ್ತಿದ್ದದ್ದು ಹೆಡ್‌ಮಾಸ್ಟರ ಮುಖವನ್ನು ಮಾತ್ರ.

“ನಿಮ್ಮನೇಲೇ ಇದಾರಾ ಆಯಮ್ಮ? ಕರೀರಿ ಮೇಡಂ, ನಾವೂ ಕೇಳೋಣ,” ಎಂದು ನಕ್ಕರು.

ನಿಮ್ಮ ಬಾಯಿಂದ ಒಂದು ‘ಬೇರ್ನ್’ ಬಿದ್ದರೆ ಸಾಕಿತ್ತು.

“ಅವ್ರಿಗೆ ಲಕ್ವ ಹೊಡ್ದಿದೆ ಸಾರ್. ಮಾತು ಹೋಗಿದೆ.”

ಅತಿಥಿಗೂ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದೆ. ಅವರು ಟೋಪಿ ತೆಗೆದು ನಿಮ್ಮ ಕಿಟಕಿಯ ಕಡೆ ತಲೆ ಬಾಗಿಸಿದರು. ಹೊರಟುಹೋದರು.

ಪರದೆ ಅಲುಗಿತೆ? ಆಗ ಕಂಡದ್ದೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ — ನನ್ನ ನೆನಪನ್ನು ನಾನು ನಂಬುವುದಿಲ್ಲ. ಈಗಲೂ ಎಲ್ಲಾದರೂ ಪರದೆ ಅಲುಗಿದರೆ ತಿರುಗಿ ನೋಡುತ್ತೇನೆ.

ಸಂಜೆ ನೀವು ಅದೇ ಗೌನಿನಲ್ಲಿ ಕೂತಿದ್ದಿರಿ. “ಯಾರೂ ಬರ್ಲಿಲ್ವಾ?” ಎಂದಿರಿ.

“ಇಲ್ಲ ಆಂಟಿ.”

ಆಮೇಲೆ ಚಾ ಬಗ್ಗಿಸಿ ಕೊಟ್ಟಿರಿ. “ತಗೊಳ್ಳಿ, ಟೀಚರ್.”

ಮತ್ತೆಂದೂ ಬೇರ್ನ್ ಎನ್ನದೆ, ಸಾಯುವ ತನಕ ನನ್ನನ್ನು ಟೀಚರ್ ಎಂದೇ ಕರೆದಿರಿ.