ಸಿಸಿಲಿಯಾ ಆಂಟಿ ತಂದ ಫಾರಿನ್ ಬಾಟಲಿ

ವೈನಿನ ರುಚಿ ನೋಡುವಾಗ ಸಿಸಿಲಿಯಾ ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ತಮ್ಮ ಮುಖ ನೋಡಿ ಅದು ಹೇಗಾಗಿದೆ ಎಂದು ಯಾರೂ ಮೊದಲೇ ಊಹಿಸಬಾರದು ಎಂಬ ಹಟ. ಎಂಬತ್ತರ ದಶಕದಲ್ಲಿ ರಾಜಾಜಿನಗರದಲ್ಲಿ ನಾವು ಅವರ ಪಕ್ಕದ ಮನೆಯಲ್ಲಿದ್ದೆವು. ಗಂಡ ತೀರಿಹೋದ ಮೇಲೆ ಬಟ್ಟೆ ಹೊಲಿದು ಮಗಳನ್ನು ಓದಿಸಿದ ಹೆಂಗಸು. ಪ್ರತಿ ವರ್ಷ ಕ್ರಿಸ್‌ಮಸ್ಸಿಗೆಂದು ಕಪ್ಪು ದ್ರಾಕ್ಷಿಯನ್ನು ಸಕ್ಕರೆಯೊಂದಿಗೆ ಜಾಡಿಗೆ ಹಾಕಿ, ದಿನಾ ಮರದ ಸೌಟಿನಿಂದ ತಿರುವುತ್ತಿದ್ದರು. “ಅವಸರ ಮಾಡಿದ್ರೆ ಹಾಳಾಗುತ್ತೆ ಕಣೇ, ಅದರ ಪಾಡಿಗೆ ಬಿಡ್ಬೇಕು,” ಎನ್ನುತ್ತಿದ್ದರು.

ಅಂಥವರು ಮಗಳು ಸ್ಟೆಲ್ಲಾಳ ಮದುವೆ ಗೊತ್ತಾದ ದಿನದಿಂದ ಊಟ, ನಿದ್ದೆ ಎರಡನ್ನೂ ಬಿಟ್ಟರು. ಗಂಡಿನ ದೊಡ್ಡಪ್ಪ ದಂಡಿನ, ಅಂದರೆ ಕಂಟೋನ್ಮೆಂಟ್ ಕಡೆಯ ಶ್ರೀಮಂತರು. ಮದುಮಕ್ಕಳಿಗೆ ಶುಭ ಕೋರಿ ಕುಡಿಯುವ ಟೋಸ್ಟಿಗೆ ಫಾರಿನ್ ವೈನೇ ಇರಲಿ ಎಂದು ಹೇಳಿಕಳಿಸಿದ್ದರು. ಆಂಟಿ ಕಿವಿಯ ಓಲೆ ಮಾರಿ ಒಂದು ಬಾಟಲಿ ತಂದರು. ರುಚಿ ನೋಡದೆ ಏನನ್ನೂ ಬಡಿಸುವವರಲ್ಲ; ಮದುವೆಯ ಹಿಂದಿನ ದಿನ ಬಿರಡೆ ತೆಗೆದು, ನನ್ನನ್ನು ಕರೆದರು.

“ಹುಳಿ ಹೊಡೀತಿದೆ. ಕೆಟ್ಟಿದೆಯೋ, ದುಬಾರಿದು ಇರೋದೇ ಹಿಂಗೋ, ನಂಗೆ ಗೊತ್ತಾಗ್ತಿಲ್ಲ. ನೀನು ನೋಡೇ.”

ನಾನು ವೈನ್ ಮುಟ್ಟಿದವಳೇ ಅಲ್ಲ. ಒಂದು ಗುಟುಕಿಗೇ ಗಂಟಲು ಉರಿಯಿತು. “ನೀವು ಮಾಡಿರೋದನ್ನೇ ಕೊಡಿ ಆಂಟಿ,” ಎಂದೆ.

“ಮನೇಲಿ ಮಾಡಿದ್ದು ಅಂತ ಮೂಗು ಮುರಿದ್ರೆ? ನಾಳೆಯಿಂದ ಇವಳು ಅಲ್ಲಿ ಬಾಳ್ಬೇಕು.”

ಮದುವೆಯಲ್ಲಿ ಎಲ್ಲರಿಗೂ ಜಾಡಿಯ ವೈನ್, ದೊಡ್ಡಪ್ಪನವರಿಗೆ ಮಾತ್ರ ಫಾರಿನ್ ಎಂದಾಯಿತು. ಆಂಟಿ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು; ನಾನೇ ಬಗ್ಗಿಸಿದೆ. ದೊಡ್ಡಪ್ಪನವರು ಗ್ಲಾಸು ತಿರುಗಿಸಿ, ಮೂಸಿ, ಕುಡಿದರು. ಆಮೇಲೆ ಸುತ್ತಲಿದ್ದವರಿಗೆ ಕೇಳುವಂತೆ, “ಬೆಲೆಗೆ ತಕ್ಕ ಹಾಗಿದೆ,” ಎಂದು ಪೂರ್ತಿ ಮುಗಿಸಿದರು. ಹುಳಿಗೆ ಅವರ ಕಣ್ಣಲ್ಲಿ ನೀರು ತುಂಬಿತ್ತು.

ನನಗೆ ನಗು ತಡೆಯಲಾಗಲಿಲ್ಲ. ಆಂಟಿ ನಗಲಿಲ್ಲ. ತಮ್ಮ ವೈನನ್ನು ಇನ್ನೊಂದು ಗ್ಲಾಸಿಗೆ ಹಾಕಿ ತಂದು, “ಇದನ್ನೂ ಸ್ವಲ್ಪ ತಗೊಳ್ಳಿ ಸಾರ್,” ಎಂದು ಮೆಲ್ಲಗೆ ಅವರ ಮುಂದಿಟ್ಟರು. ಅವರು ಅದನ್ನೂ ಕುಡಿದು, ಗ್ಲಾಸನ್ನು ಮತ್ತೆ ಮುಂದೆ ಚಾಚಿದರು.

“ಪಾಪ, ಅವ್ರಿಗೂ ಗೊತ್ತಾಗ್ಲಿಲ್ಲ, ನನ್ನಷ್ಟೇ ಹೆದರಿದ್ರು ಕಣೇ,” ಎಂದರು ಆಂಟಿ, ಪಾತ್ರೆ ತೊಳೆಯುವಾಗ.

ಕೆಲವು ವರ್ಷಗಳ ಮೇಲೆ ಆಂಟಿ ಮಗಳು-ಅಳಿಯನ ಜೊತೆ ಇರಲು ಕೆಂಗೇರಿಗೆ ಹೋದರು. ಕೊನೆಯ ಸಲ ನಾನು ನೋಡಹೋದಾಗ ಕಾಯಿಲೆಯಿಂದ ಅವರಿಗೆ ಮಾತು ನಿಂತಿತ್ತು. ಒಳಗೆ ಸ್ಟೆಲ್ಲಾ ಗಂಡನಿಗೆ ಏನೋ ಹೇಳಿ ಜೋರಾಗಿ ನಗುತ್ತಿದ್ದಳು. ಆಂಟಿ ನನ್ನ ಮೊಣಕೈ ಹಿಡಿದು, ಕೇಳಿಸಿತೇ ಎಂಬಂತೆ ಅತ್ತ ಕಣ್ಣಲ್ಲೇ ತೋರಿಸಿದರು.