ದೇವರ ಮನೆಯ ಡಿಮ್ಮರ್

ನಮ್ಮಮ್ಮ ಸ್ವಿಚ್ಚಿಗೂ ಮಡಿ ಮಾಡುತ್ತಾಳೆ. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ, ನನಗೆ ಮಾತ್ರ ನಗು ಬರುವುದಿಲ್ಲ. ಸ್ನಾನ ಮಾಡಿ, ಒದ್ದೆ ಸೀರೆಯುಟ್ಟು ದೇವರ ಮನೆಗೆ ಹೋಗುತ್ತಾಳೆ. ಅಲ್ಲಿನ ಸ್ವಿಚ್ಚನ್ನು ಮನೆಯವರೆಲ್ಲ ಮುಟ್ಟಿರುತ್ತೇವಲ್ಲ, ಅದು ಮೈಲಿಗೆ. ಅದಕ್ಕೆ ಪೂಜೆಯ ಉದ್ಧರಣೆಯಲ್ಲಿ ನೀರು ತೆಗೆದು ಬೋರ್ಡಿನ ಮೇಲೆ ಚಿಮುಕಿಸಿ, ಆಮೇಲೆ ಒತ್ತುತ್ತಾಳೆ.

"ಅಮ್ಮಾ, ಕರೆಂಟ್ ಹೊಡೀತದ" ಎಂದರೆ, "ಇಷ್ಟು ವರ್ಷ ಹೊಡದಿಲ್ಲ, ಈಗ್ಯಾಕ ಹೊಡೀತದ?" ಎನ್ನುತ್ತಾಳೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಕಳೆದ ವರ್ಷ ಕಣ್ಣಿನ ಆಪರೇಷನ್ ಆದ ಮೇಲೆ ಅವಳಿಗೆ ಟ್ಯೂಬ್‌ಲೈಟಿನ ಬೆಳಕು ಚುಚ್ಚತೊಡಗಿತು. ಸಣ್ಣ ಬಲ್ಬ್ ಹಾಕಿದರೆ ಪಾರಾಯಣದ ಪುಸ್ತಕ ಕಾಣುವುದಿಲ್ಲ. ಬೇಕಾದಾಗ ಬೆಳಕು ಏರಿಸಿ ಇಳಿಸಲು ಡಿಮ್ಮರ್ ಹಾಕಿಸೋಣ ಎಂದೆ. ಸಿರುಗುಪ್ಪದಲ್ಲಿರುವ ಅಣ್ಣ ಫೋನಿನಲ್ಲೇ, "ಹಳೇ ಫ್ಯಾನಿನ ರೆಗ್ಯುಲೇಟರ್ ಅದಲ್ಲ, ಅದನ್ನ ಜೋಡಸು. ಎರಡೂ ಒಂದ" ಎಂದ. ಒಂದಲ್ಲ ಎಂದರೆ ಕೇಳುವ ಆಸಾಮಿಯಲ್ಲ. ನಮ್ಮೂರ ಬ್ರೂಸ್‌ಪೇಟೆಯ ಅಂಗಡಿಗಳನ್ನು ಸುತ್ತಿ ಡಿಮ್ಮರನ್ನೂ ಅದಕ್ಕೆ ಹೊಂದುವ ಎಲ್‌ಇಡಿ ಬಲ್ಬನ್ನೂ ತಂದೆ. ಎಲ್ಲ ಎಲ್‌ಇಡಿಯೂ ಡಿಮ್ಮರಿಗೆ ಒಗ್ಗುವುದಿಲ್ಲ, ಮಿಣುಕುತ್ತದೆ ಎಂದು ಅಂಗಡಿಯವನಿಗೆ ನಾನೇ ಪಾಠ ಹೇಳಬೇಕಾಯಿತು.

ನಾನು ಕೆಲಸಕ್ಕೆ ಹೋಗುವ ಕುರುಗೋಡಿನ ಆಫೀಸಿಗೆ ಬರುವ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಹಳೆಯ ಸ್ವಿಚ್ಚು ಬಿಚ್ಚಿ ನೋಡಿದರೆ ಅದನ್ನು ನ್ಯೂಟ್ರಲ್ ವೈರಿಗೆ ಕೊಟ್ಟಿದ್ದರು. ಅಂದರೆ ಸ್ವಿಚ್ ಆಫ್ ಮಾಡಿದರೂ ಲೈಟಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಹಬ್ಬ ಬಂತೆಂದರೆ ಅಮ್ಮ ಆಫ್ ಮಾಡಿ ಅದೇ ಟ್ಯೂಬ್‌ಲೈಟಿನ ಪಟ್ಟಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಆ ಜೋಡಣೆಯೂ ಅಣ್ಣನದೇ.

"ಹಂಗಿದ್ರೂ ಉರೀತೈತಿ ಬಿಡ್ರಿ ಮೇಡಮ್" ಎಂದ ಎಲೆಕ್ಟ್ರಿಷಿಯನ್.

"ಉರಿಯೋದಿರ್ಲಿ, ಮೊದಲ ಯಾರೂ ಸಾಯದಂಗ ಮಾಡ್ರಿ" ಎಂದು ರೇಗಿದೆ.

ಗೊಣಗುತ್ತಲೇ ಸ್ವಿಚ್ಚನ್ನು ಕರೆಂಟು ಬರುವ ಫೇಸ್ ವೈರಿಗೆ ಬದಲಿಸಿ, ಡಿಮ್ಮರ್ ಕೂರಿಸಿದ. ಬೋರ್ಡನ್ನೇ ಹೊರಗಿನ ಗೋಡೆಗೆ ಹಾಕಿಸೋಣವೆಂದರೆ ಅಮ್ಮ ಒಪ್ಪಲಿಲ್ಲ. "ಮಡಿಯೊಳಗ ಹತ್ತು ಸಲ ಹೊರಗ ಬರಲೇನು?" ಎಂದು ಹಟ ಹಿಡಿದಳು. ಕೊನೆಗೆ ಮೀಟರಿನ ಪಕ್ಕ ಟ್ರಿಪ್ ಸ್ವಿಚ್ ಹಾಕಿಸಿದೆ. ಎಲ್ಲಾದರೂ ಕರೆಂಟು ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಮನೆಯ ಕರೆಂಟನ್ನೇ ಅದು ಕಡಿಯುತ್ತದೆ.

ಮರುದಿನವೇ ಕಡಿಯಿತು. ಅಮ್ಮ ನೀರು ಚಿಮುಕಿಸಿದಳು, ಫ್ಯಾನು ನಿಂತಿತು, ಮಿಕ್ಸಿಯಲ್ಲಿ ಚಟ್ನಿ ಅರ್ಧಕ್ಕೇ ಉಳಿಯಿತು. ಆಮೇಲೆ ಇದೇ ನಿತ್ಯದ ಗೋಳಾಯಿತು. ಮನೆಗೆ ಬಂದವರಿಗೆಲ್ಲ, "ಇಕಿ ಏನೋ ಡಬ್ಬಿ ಹಾಕಿಸ್ಯಾಳ, ದಿನಾ ಕರೆಂಟ್ ಹೋಗ್ತದ" ಎಂದು ದೂರು. "ನೀ ಉಳಿಲಿ ಅಂತನ ಹೋಗ್ತದಮ್ಮಾ" ಎಂದು ಕೂಗಿ ಕೂಗಿ ನನ್ನ ಗಂಟಲು ಬಿತ್ತು. ಗೋಡೆಗೆ ಹೇಳಿದ್ದರೂ ಅರ್ಥವಾಗುತ್ತಿತ್ತು.

ಮೊನ್ನೆ ಸಂಜೆ ಕುರುಗೋಡಿನ ಬಸ್ಸಿಳಿದು ಮನೆಗೆ ಬಂದರೆ, ಮಂಗಳಾರತಿಗೆಂದು ಮಡಿಯುಟ್ಟಿದ್ದ ಅಮ್ಮನ ಮುಖ ಅರಳಿತ್ತು.

"ನಿಮ್ಮಣ್ಣ ಬಂದಿದ್ದ. ಎಲ್ಲಾ ಆ ಡಬ್ಬಿ ಕಾಟನ ಅಂತ ಅದನ್ನ ಬಿಟ್ಟು ವೈರ್ ನೇರ ಕೊಟ್ಟು ಹೋದ. ಈಗ ಎಷ್ಟು ನೀರು ಹಾಕಿದ್ರೂ ದೀಪ ಆರೋದಿಲ್ಲ ನೋಡು!"

ತೋರಿಸಲೆಂದು ದೇವರ ಮನೆಯೊಳಗೆ ಹೋಗಿ, ಉದ್ಧರಣೆ ತುಂಬಿಕೊಂಡು ಬೋರ್ಡಿನತ್ತ ಕೈ ಎತ್ತಿದಳು. ಚಪ್ಪಲಿಯನ್ನೂ ಬಿಡದೆ ಓಡಿ ನಾನು ಮೇನ್ ಸ್ವಿಚ್ ಕೆಳಗೆಳೆದೆ.

ಒಳಗಿನ ಕತ್ತಲಿನಿಂದ ಅಮ್ಮ ಕೇಳಿದಳು: "ಮತ್ತ ಹೋತೇನ? ನಿಮ್ಮಣ್ಣಗ ಫೋನ್ ಮಾಡು, ಬಂದು ಸರಿ ಮಾಡ್ತಾನ."